ಮೀನಿನಲ್ಲಿ ಪಾದರಸ: ಮಿನಮಾಟ ಮತ್ತು ಇರಾಕ್ ಕಲಿಸಿದ ಪಾಠಗಳು

ಮೀನು ಸುಲಭವಾಗಿ ಜೀರ್ಣವಾಗುವ ಉತ್ತಮ ಸಸಾರಜನಕ ಆಹಾರ. ಕರಾವಳಿಯ ಜನರಿಗೆ ಅದು ನಿತ್ಯದ ಊಟ. ಕೆರೆ ಮತ್ತು ಕೃಷಿ ಹೊಂಡಗಳಲ್ಲಿ ಮೀನು ಸಾಕುವ ಒಳನಾಡಿನ ರೈತರಿಗೆ ಅದು ಉಪ ಆದಾಯವೂ ಹೌದು. ಇಂತಹ ಆಹಾರದಲ್ಲಿ ಪಾದರಸವಿದೆ ಎಂಬ ಸುದ್ದಿ ಕಿವಿಗೆ ಬಿದ್ದಾಗ ಕೆಲವರು ಮೀನನ್ನೇ ಬಿಟ್ಟುಬಿಡಬೇಕೆಂದು ಯೋಚಿಸುತ್ತಾರೆ. ಇನ್ನು ಕೆಲವರು ಇದು ಪಟ್ಟಣದವರ ಮಾತೆಂದು ತಳ್ಳಿಹಾಕುತ್ತಾರೆ. ಎರಡೂ ಸರಿಯಲ್ಲ. ಪಾದರಸ ಮೀನಿನ ಮೈ ಸೇರುವ ಬಗೆ, ಅದು ಹೆಚ್ಚಾಗಿರುವ ಮೀನುಗಳು, ಅದರಿಂದ ಅಪಾಯಕ್ಕೆ ಒಳಗಾಗುವವರು, ಇವಿಷ್ಟನ್ನು ತಿಳಿದುಕೊಂಡರೆ ಭಯವೂ ಬೇಕಿಲ್ಲ, ಅಜಾಗ್ರತೆಯೂ ಉಳಿಯದು. ಈ ವಿಷಯಕ್ಕೂ ಬಿತ್ತನೆ ಬೀಜಕ್ಕೂ ನಿಕಟ ಸಂಬಂಧವಿರುವುದರಿಂದ ಮೀನು ತಿನ್ನದ ರೈತರೂ ಇದನ್ನು ಅರಿತಿರುವುದು ಒಳ್ಳೆಯದು.

ಪಾದರಸದ ಮೂರು ರೂಪಗಳು

ಪಾದರಸ ಒಂದೇ ಆದರೂ ಅದರ ರೂಪ ಬದಲಾದಂತೆ ವಿಷದ ಗುಣವೂ ಬದಲಾಗುತ್ತದೆ. ಜ್ವರ ನೋಡುವ ಹಳೆಯ ಗಾಜಿನ ಥರ್ಮಾಮೀಟರಿನಲ್ಲಿ ಬೆಳ್ಳಿಯಂತೆ ಹೊಳೆಯುವುದು ಲೋಹ ರೂಪದ ಪಾದರಸ. ಇದನ್ನು ಅಕಸ್ಮಾತ್ತಾಗಿ ನುಂಗಿದರೆ ಕರುಳು ಬಹುಪಾಲು ಹೀರಿಕೊಳ್ಳುವುದಿಲ್ಲ, ಮಲದೊಡನೆ ಹೊರಬೀಳುತ್ತದೆ. ಆದರೆ ಇದರ ಆವಿ ಬಲು ಅಪಾಯಕಾರಿ. ಉಸಿರಿನೊಡನೆ ಒಳಹೋದ ಆವಿಯ ಸುಮಾರು ಶೇಕಡ 80 ಭಾಗ ರಕ್ತವನ್ನು ಸೇರುತ್ತದೆ.

ಎರಡನೆಯದು ಪಾದರಸದ ಲವಣಗಳು. ಇವು ಮುಖ್ಯವಾಗಿ ಮೂತ್ರಪಿಂಡಗಳನ್ನು ಕೆಡಿಸುತ್ತವೆ.

ಮೂರನೆಯದು ಇಂಗಾಲದೊಡನೆ ಕೂಡಿದ ಸಾವಯವ ಪಾದರಸ. ಇವುಗಳಲ್ಲಿ ಮೀಥೈಲ್ ಪಾದರಸ ಅತ್ಯಂತ ಕೆಟ್ಟದ್ದು. ಆಹಾರದಲ್ಲಿ ಬಂದ ಮೀಥೈಲ್ ಪಾದರಸದ ಸುಮಾರು ಶೇಕಡ 95 ಭಾಗವನ್ನು ಕರುಳು ಹೀರಿಕೊಳ್ಳುತ್ತದೆ. ಮೀನಿನ ಮಾಂಸದಲ್ಲಿರುವ ಪಾದರಸದ ಹೆಚ್ಚಿನ ಪಾಲು ಇದೇ ರೂಪದ್ದು.

ನೀರಿನಿಂದ ಮೀನಿಗೆ

ಕಲ್ಲಿದ್ದಲು ಉರಿದಾಗ, ಚಿನ್ನದ ಅದಿರನ್ನು ಪಾದರಸದಿಂದ ಬೇರ್ಪಡಿಸಿದಾಗ, ಜ್ವಾಲಾಮುಖಿಗಳು ಹೊಗೆಯುಗುಳಿದಾಗ ಪಾದರಸ ಗಾಳಿಗೆ ಸೇರುತ್ತದೆ. ಗಾಳಿಯೊಡನೆ ಬಹುದೂರ ಸಾಗಿ ಮಳೆಯೊಡನೆ ನೆಲಕ್ಕೂ ನೀರಿಗೂ ಇಳಿಯುತ್ತದೆ. ಕಾರ್ಖಾನೆಗಳ ಕೊಳಚೆಯಿಂದ ನೇರವಾಗಿ ಹೊಳೆ ಸೇರುವುದೂ ಉಂಟು.

ಕೆರೆ, ಹೊಳೆ, ಅಳಿವೆಗಳ ತಳದ ಕೆಸರಿನಲ್ಲಿ ಗಾಳಿಯಾಡದ ಕಡೆ ಬದುಕುವ ಕೆಲವು ಬ್ಯಾಕ್ಟೀರಿಯಗಳು ಈ ಪಾದರಸವನ್ನು ಮೀಥೈಲ್ ಪಾದರಸವಾಗಿ ಮಾರ್ಪಡಿಸುತ್ತವೆ. ಸ್ವೀಡನ್ನಿನ ವಿಜ್ಞಾನಿಗಳು 1960ರ ದಶಕದ ಕೊನೆಯಲ್ಲಿ ಈ ಸಂಗತಿಯನ್ನು ತೋರಿಸಿಕೊಟ್ಟರು. ಅಲ್ಲಿಯವರೆಗೆ ಕೆಸರಿನಲ್ಲಿ ಹೂತ ಪಾದರಸ ಅಲ್ಲೇ ಬಿದ್ದಿರುತ್ತದೆ, ಯಾರಿಗೂ ತೊಂದರೆ ಇಲ್ಲ ಎಂಬ ನಂಬಿಕೆ ಇತ್ತು.

ಮೀಥೈಲ್ ಪಾದರಸವನ್ನು ನೀರಿನ ಸೂಕ್ಷ್ಮ ಪಾಚಿಗಳು ಹೀರುತ್ತವೆ. ಪಾಚಿಯನ್ನು ಸಣ್ಣ ಜಲಜೀವಿಗಳು, ಅವನ್ನು ಸಣ್ಣ ಮೀನು, ಸಣ್ಣ ಮೀನನ್ನು ದೊಡ್ಡ ಮೀನು ತಿನ್ನುತ್ತವೆ. ತಿಂದದ್ದು ಬೇಗ ಹೊರಹೋಗದೆ ಮಾಂಸದ ಸಸಾರಜನಕಕ್ಕೆ ಅಂಟಿಕೊಂಡು ಉಳಿಯುತ್ತದೆ. ಹೀಗಾಗಿ ಪ್ರತಿ ಮೆಟ್ಟಿಲಿಗೂ ಪ್ರಮಾಣ ಏರುತ್ತದೆ. ಸಾಲದ ಮೇಲೆ ಬಡ್ಡಿ, ಬಡ್ಡಿಯ ಮೇಲೆ ಚಕ್ರಬಡ್ಡಿ ಬೆಳೆದಂತೆ ಇದು. ನೀರಿನಲ್ಲಿ ಅಳತೆಗೂ ಸಿಗದಷ್ಟು ಕಡಿಮೆ ಇದ್ದ ಪಾದರಸ, ಬೇಟೆಯಾಡಿ ಬದುಕುವ ದೊಡ್ಡ ಮೀನಿನಲ್ಲಿ ಹತ್ತು ಲಕ್ಷ ಪಟ್ಟಿಗೂ ಮೀರಿ ಶೇಖರವಾಗಿರಬಹುದು.

ಇದರಿಂದ ಎರಡು ನಿಯಮಗಳು ಹೊರಡುತ್ತವೆ. ಒಂದು, ಇತರ ಮೀನುಗಳನ್ನು ತಿನ್ನುವ ಮೀನಿನಲ್ಲಿ ಪಾದರಸ ಹೆಚ್ಚು. ಎರಡು, ಒಂದೇ ಜಾತಿಯಲ್ಲಿ ವಯಸ್ಸಾದ, ದೊಡ್ಡ ಮೀನಿನಲ್ಲಿ ಹೆಚ್ಚು.

ಮಿನಮಾಟದ ದುರಂತ

ಜಪಾನಿನ ಕ್ಯೂಶು ದ್ವೀಪದ ಕುಮಾಮೊಟೊ ಪ್ರಾಂತದಲ್ಲಿ ಮಿನಮಾಟ ಎಂಬ ಸಣ್ಣ ಪಟ್ಟಣವಿದೆ. ಅಲ್ಲಿನ ಚಿಸ್ಸೊ ಕಂಪನಿಯ ಕಾರ್ಖಾನೆಯಲ್ಲಿ 1932ರಿಂದ ಅಸಿಟಾಲ್ಡಿಹೈಡ್ ಎಂಬ ರಾಸಾಯನಿಕವನ್ನು ತಯಾರಿಸಲಾಗುತ್ತಿತ್ತು. ಕ್ರಿಯೆಯನ್ನು ಚುರುಕುಗೊಳಿಸಲು ಪಾದರಸದ ಲವಣವನ್ನು ಬಳಸುತ್ತಿದ್ದರು. ಅದರಿಂದ ಹುಟ್ಟಿದ ಮೀಥೈಲ್ ಪಾದರಸ ಕೊಳಚೆ ನೀರಿನೊಡನೆ ಸಮುದ್ರದ ಕೊಲ್ಲಿಗೆ ಹರಿಯಿತು. ಕೊಲ್ಲಿಯ ಮೀನು ಮತ್ತು ಚಿಪ್ಪುಮೀನುಗಳೇ ದಡದ ಬೆಸ್ತರ ಮುಖ್ಯ ಆಹಾರ.

ಮೊದಲು ಸೂಚನೆ ಕೊಟ್ಟವು ಬೆಕ್ಕುಗಳು. 1950ರ ದಶಕದಲ್ಲಿ ಮೀನು ತಿಂದ ಬೆಕ್ಕುಗಳು ತೂರಾಡಿ, ಕುಣಿದಂತೆ ಸುತ್ತಿ, ಸೆಳೆತ ಬಂದು ಸಾಯತೊಡಗಿದವು. 1956ರ ಏಪ್ರಿಲ್‌ನಲ್ಲಿ ಇನ್ನೂ ಆರು ವರ್ಷ ತುಂಬದ ಹೆಣ್ಣುಮಗುವೊಂದನ್ನು ನಡೆಯಲಾರದ, ಮಾತನಾಡಲಾರದ ಸ್ಥಿತಿಯಲ್ಲಿ ಕಾರ್ಖಾನೆಯ ಆಸ್ಪತ್ರೆಗೆ ಕರೆತಂದರು. ಅದೇ ವರ್ಷ ಮೇ 1ರಂದು ಆಸ್ಪತ್ರೆಯ ಮುಖ್ಯ ವೈದ್ಯ ಡಾ. ಹಾಜಿಮೆ ಹೊಸೊಕಾವ ಅವರ ಮೂಲಕ ಈ ಹೊಸ ನರರೋಗದ ವರದಿ ಆರೋಗ್ಯ ಕಚೇರಿಗೆ ತಲುಪಿತು. ಅಂಟುರೋಗವಿರಬೇಕೆಂದು ಮೊದಲು ಶಂಕಿಸಿ ರೋಗಿಗಳ ಮನೆಗಳಿಗೆ ಕ್ರಿಮಿನಾಶಕ ಹೊಡೆದರು. ನೆರೆಹೊರೆಯವರು ಆ ಮನೆಗಳ ಕಡೆ ಸುಳಿಯುವುದನ್ನೇ ಬಿಟ್ಟರು.

ಕುಮಾಮೊಟೊ ವಿಶ್ವವಿದ್ಯಾನಿಲಯದ ತಂಡ 1959ರ ಜುಲೈನಲ್ಲಿ ಸಾವಯವ ಪಾದರಸವೇ ಕಾರಣವೆಂದು ಪ್ರಕಟಿಸಿತು. ಡಾ. ಹೊಸೊಕಾವ ಅವರು ಕಾರ್ಖಾನೆಯ ಕೊಳಚೆಯನ್ನೇ ಆಹಾರದೊಡನೆ ಬೆಕ್ಕಿಗೆ ತಿನ್ನಿಸಿ ನೋಡಿದರು. ಅದೇ ವರ್ಷದ ಅಕ್ಟೋಬರ್‌ನಲ್ಲಿ 400ನೆಯ ಸಂಖ್ಯೆಯ ಬೆಕ್ಕಿಗೆ ಅದೇ ರೋಗ ಬಂದಿತು. ಕಂಪನಿ ಈ ಫಲಿತಾಂಶವನ್ನು ಬಹಿರಂಗಪಡಿಸಲಿಲ್ಲ. ಕೊಳಚೆ ಹರಿಯುವುದು ನಿಂತದ್ದು 1968ರಲ್ಲಿ, ಆ ಬಗೆಯ ತಯಾರಿಕೆಯೇ ನಿಂತ ಮೇಲೆ. ಸರ್ಕಾರ ಕಾರಣವನ್ನು ಅಧಿಕೃತವಾಗಿ ಒಪ್ಪಿಕೊಂಡದ್ದೂ ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ. ಈ ನಡುವೆ 1965ರಲ್ಲಿ ನೀಗಾಟ ಪ್ರಾಂತದ ಅಗಾನೊ ನದಿಯ ದಡದಲ್ಲಿ ಮತ್ತೊಂದು ಕಾರ್ಖಾನೆಯಿಂದ ಇದೇ ರೋಗ ಕಾಣಿಸಿಕೊಂಡಿತ್ತು. ಸಕಾಲದಲ್ಲಿ ಮಾತನಾಡಿದ್ದರೆ ಅದು ತಪ್ಪುತ್ತಿತ್ತೇನೋ.

ಮಿನಮಾಟ ರೋಗಿಗಳೆಂದು ಅಧಿಕೃತವಾಗಿ ಮಾನ್ಯರಾದವರು 2,200ಕ್ಕೂ ಹೆಚ್ಚು. ಅದಕ್ಕಿಂತ ಬಹಳ ಹೆಚ್ಚಿನ ಜನ ಸಣ್ಣಪುಟ್ಟ ಲಕ್ಷಣಗಳಿಂದ ನರಳಿ ಪರಿಹಾರ ಕೇಳಿದರು. ಕೊಲ್ಲಿಯ ಕೆಸರನ್ನು ತೆಗೆದು, ಒಂದು ಭಾಗವನ್ನು ಮಣ್ಣಿನಿಂದ ಮುಚ್ಚಬೇಕಾಯಿತು. ಅಲ್ಲಿನ ಮೀನು ತಿನ್ನಲು ಯೋಗ್ಯವೆಂದು ಘೋಷಿಸಿದ್ದು 1997ರಲ್ಲಿ.

ಇರಾಕಿನ ಬಿತ್ತನೆ ಗೋಧಿ

ಮಿನಮಾಟದ ಪಾಠ ಬೆಸ್ತರದ್ದಾದರೆ ಇರಾಕಿನ ಪಾಠ ಪೂರ್ತಿ ರೈತರದ್ದು. ಬರದಿಂದ ಬೀಜದ ಕೊರತೆಯಾಗಿದ್ದ ಆ ದೇಶ 1971ರಲ್ಲಿ ಹೊರದೇಶದಿಂದ ತೊಂಬತ್ತು ಸಾವಿರ ಟನ್ನಿಗೂ ಹೆಚ್ಚು ಗೋಧಿ ಮತ್ತು ಬಾರ್ಲಿ ಬೀಜವನ್ನು ತರಿಸಿತು. ಶಿಲೀಂಧ್ರ ರೋಗ ಬಾರದಂತೆ ಬೀಜಕ್ಕೆ ಮೀಥೈಲ್ ಪಾದರಸದ ಔಷಧಿ ಲೇಪಿಸಿ, ಗುರುತಿಗಾಗಿ ಕೆಂಪು ಬಣ್ಣ ಕೊಟ್ಟಿದ್ದರು. ಚೀಲಗಳ ಮೇಲೆ ಎಚ್ಚರಿಕೆಯೂ ಇತ್ತು. ಆದರೆ ಅದು ಸ್ಪ್ಯಾನಿಷ್ ಮತ್ತು ಇಂಗ್ಲಿಷ್ ಭಾಷೆಗಳಲ್ಲಿತ್ತು. ತಲೆಬುರುಡೆಯ ಚಿತ್ರ ವಿಷದ ಗುರುತೆಂಬುದು ಅಲ್ಲಿನ ಹಳ್ಳಿಗರಿಗೆ ಗೊತ್ತಿರಲಿಲ್ಲ.

ಬೀಜ ಅನೇಕ ಕಡೆ ಬಿತ್ತನೆಯ ಹದ ಮೀರಿದ ಮೇಲೆ ತಲುಪಿತು. ಮನೆಯಲ್ಲಿ ಕಾಳಿಲ್ಲ, ಹೊಲದಲ್ಲಿ ಬಿತ್ತನೆ ಮುಗಿದಿದೆ, ಮುಂದೆ ಚೀಲ ತುಂಬ ಒಳ್ಳೆಯ ಗೋಧಿ ಇದೆ. ರೈತರು ಕಾಳನ್ನು ತೊಳೆದರು. ಕೆಂಪು ಬಣ್ಣ ಹೋಯಿತು. ಬಣ್ಣ ಹೋದರೆ ವಿಷವೂ ಹೋಯಿತೆಂದು ಭಾವಿಸಿದರು. ಕೆಲವರು ಇನ್ನಷ್ಟು ಎಚ್ಚರಿಕೆಯಿಂದ ಮೊದಲು ಕೋಳಿಗಳಿಗೆ ಹಾಕಿ ಕೆಲವು ದಿನ ಕಾದರು. ಕೋಳಿಗಳಿಗೆ ಏನೂ ಆಗಲಿಲ್ಲ. ಬಳಿಕ ಮನೆಮಂದಿಯೆಲ್ಲ ರೊಟ್ಟಿ ಮಾಡಿ ತಿಂದರು.

ಮೀಥೈಲ್ ಪಾದರಸದ ವಿಷ ತಿಂದ ಕೂಡಲೇ ಕಾಣುವಂಥದ್ದಲ್ಲ. ವಾರಗಳು, ಕೆಲವೊಮ್ಮೆ ತಿಂಗಳುಗಳು ಕಳೆದ ಮೇಲೆ ಲಕ್ಷಣಗಳು ತೋರುತ್ತವೆ. ಆ ವೇಳೆಗೆ ಮೆದುಳಿನ ಜೀವಕೋಶಗಳು ಸತ್ತಿರುತ್ತವೆ. 1971ರ ಡಿಸೆಂಬರ್ ಕೊನೆಯಿಂದ ಆಸ್ಪತ್ರೆಗಳು ತುಂಬತೊಡಗಿದವು. 6,530 ಜನ ಆಸ್ಪತ್ರೆ ಸೇರಿದರು. ಅವರಲ್ಲಿ 459 ಮಂದಿ ಸತ್ತರು. ಆಸ್ಪತ್ರೆಗೆ ಬಾರದವರು ಈ ಲೆಕ್ಕದಲ್ಲಿಲ್ಲ. ಇದೇ ದೇಶದಲ್ಲಿ 1956 ಮತ್ತು 1960ರಲ್ಲಿಯೂ ಪಾದರಸ ಲೇಪಿತ ಬೀಜ ತಿಂದು ಸಾವುನೋವುಗಳಾಗಿದ್ದವು ಎಂಬುದನ್ನು ಮರೆಯುವಂತಿಲ್ಲ.

ದೇಹದಲ್ಲಿ ಆಗುವುದೇನು?

ರಕ್ತ ಸೇರಿದ ಮೀಥೈಲ್ ಪಾದರಸ ಸಸಾರಜನಕದ ಒಂದು ಅಂಶದೊಡನೆ ಜೊತೆಗೂಡುತ್ತದೆ. ಮೆದುಳಿನ ಕಾವಲು ಪೊರೆ ಇದನ್ನು ಪೋಷಕ ವಸ್ತುವೆಂದೇ ತಿಳಿದು ಒಳಗೆ ಬಿಡುತ್ತದೆ. ಮೊದಲು ಕೈಕಾಲಿನ ಬೆರಳುಗಳು ಮತ್ತು ಬಾಯಿಯ ಸುತ್ತ ಜೋಮು ಹಿಡಿದಂತಾಗುತ್ತದೆ. ನಂತರ ನಡಿಗೆ ತಪ್ಪುತ್ತದೆ, ಗುಂಡಿ ಹಾಕಿಕೊಳ್ಳಲೂ ಕೈ ನಡುಗುತ್ತದೆ, ಮಾತು ತೊದಲುತ್ತದೆ. ದೃಷ್ಟಿ ಅಕ್ಕಪಕ್ಕ ಕುಗ್ಗಿ ಕೊಳವೆಯಿಂದ ನೋಡಿದಂತೆ ನೇರ ಮುಂದಿನದಷ್ಟೇ ಕಾಣುತ್ತದೆ. ಕಿವಿ ಮಂದವಾಗುತ್ತದೆ. ವಿಷ ಹೆಚ್ಚಾದರೆ ಪ್ರಜ್ಞೆ ತಪ್ಪಿ ಸಾವು ಸಂಭವಿಸುತ್ತದೆ. ಸತ್ತ ನರಕೋಶಗಳನ್ನು ಮರಳಿ ತರುವ ಔಷಧಿ ಇಲ್ಲ.

ಎಲ್ಲಕ್ಕಿಂತ ಹೆಚ್ಚಿನ ಅಪಾಯ ಗರ್ಭದಲ್ಲಿರುವ ಕೂಸಿಗೆ. ತಾಯಿಯ ರಕ್ತದಿಂದ ಮಾಸನ್ನು ದಾಟಿ ಪಾದರಸ ಶಿಶುವಿನ ಮೆದುಳನ್ನು ಸೇರುತ್ತದೆ. ಮಿನಮಾಟದಲ್ಲಿ ಹೆಚ್ಚಿನ ತೊಂದರೆಯೇ ಇಲ್ಲದ ತಾಯಂದಿರು ಕೈಕಾಲು ಸೆಟೆದ, ತಲೆ ನಿಲ್ಲದ, ಬುದ್ಧಿ ಬೆಳೆಯದ ಮಕ್ಕಳನ್ನು ಹೆತ್ತರು.

ದೇಹ ಮೀಥೈಲ್ ಪಾದರಸವನ್ನು ಹೊರಹಾಕದೆ ಇರುವುದಿಲ್ಲ. ಆದರೆ ಬಹು ನಿಧಾನ. ಒಳಗಿರುವುದರಲ್ಲಿ ಅರ್ಧ ಹೋಗಲು ಸುಮಾರು 50ರಿಂದ 70 ದಿನ ಬೇಕು. ಹೀಗಾಗಿ ಗರ್ಭ ಧರಿಸಿದ ಮೇಲೆ ಎಚ್ಚರ ವಹಿಸಿದರೆ ಸಾಲದು. ಕೆಲವು ತಿಂಗಳ ಮೊದಲೇ ಆರಂಭಿಸಬೇಕು. ದೇಹದ ಪಾದರಸ ಕೂದಲಿನಲ್ಲಿಯೂ ಸೇರುತ್ತದೆ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುವುದರಿಂದ, ಉದ್ದ ಕೂದಲನ್ನು ತುಂಡುತುಂಡಾಗಿ ಪರೀಕ್ಷಿಸಿ ಯಾವ ತಿಂಗಳಲ್ಲಿ ಎಷ್ಟು ವಿಷ ಸೇರಿತ್ತೆಂದು ಹೇಳಬಹುದು. ಇರಾಕಿನ ತಾಯಂದಿರ ವಿಷಯದಲ್ಲಿ ಹೀಗೆಯೇ ಲೆಕ್ಕ ಹಾಕಲಾಯಿತು.

ಎಷ್ಟು ತಿಂದರೆ ಸುರಕ್ಷಿತ?

ವಿಶ್ವ ಆಹಾರ ಮತ್ತು ಆರೋಗ್ಯ ಸಂಸ್ಥೆಗಳ ಜಂಟಿ ತಜ್ಞರ ಸಮಿತಿ 2003ರಲ್ಲಿ ಒಂದು ಮಿತಿಯನ್ನು ಗೊತ್ತುಪಡಿಸಿತು. ಅದರಂತೆ ವಾರಕ್ಕೆ ದೇಹತೂಕದ ಪ್ರತಿ ಕಿಲೋಗ್ರಾಂಗೆ 1.6 ಮೈಕ್ರೋಗ್ರಾಂ ಮೀಥೈಲ್ ಪಾದರಸ ಮೀರಬಾರದು. ಒಂದು ಮೈಕ್ರೋಗ್ರಾಂ ಎಂದರೆ ಗ್ರಾಂನ ಹತ್ತು ಲಕ್ಷದಲ್ಲಿ ಒಂದು ಭಾಗ. 50 ಕಿಲೋ ತೂಕದ ಮಹಿಳೆಗೆ ಇದು ವಾರಕ್ಕೆ 80 ಮೈಕ್ರೋಗ್ರಾಂ ಆಗುತ್ತದೆ.

ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಪರೀಕ್ಷಿಸಿದ ಮೀನುಗಳ ಸರಾಸರಿಯನ್ನು ತೆಗೆದುಕೊಂಡು ಲೆಕ್ಕ ಹಾಕಬಹುದು.

1. ಬೂತಾಯಿಯ ಬಳಗದ ಸಾರ್ಡೀನ್ ಮೀನು: ಕಿಲೋಗೆ 13 ಮೈಕ್ರೋಗ್ರಾಂ ಪಾದರಸ. ಮಿತಿ ಮುಟ್ಟಲು ಆ ಮಹಿಳೆ ವಾರಕ್ಕೆ ಸುಮಾರು 6 ಕಿಲೋ ಮೀನು ತಿನ್ನಬೇಕು. ಅಷ್ಟು ಯಾರೂ ತಿನ್ನುವುದಿಲ್ಲ.

2. ಶಾರ್ಕ್: ಕಿಲೋಗೆ 979 ಮೈಕ್ರೋಗ್ರಾಂ. ವಾರಕ್ಕೆ 80 ಗ್ರಾಂ, ಅಂದರೆ ಒಂದು ತುಂಡು ತಿಂದರೆ ಮಿತಿ ಮುಗಿಯಿತು.

3. ಕತ್ತಿಮೀನು: ಕಿಲೋಗೆ 995 ಮೈಕ್ರೋಗ್ರಾಂ. ಇದೂ ಶಾರ್ಕಿನಂತೆಯೇ.

ಮೀನಿನಿಂದ ಮೀನಿಗೆ ಎಪ್ಪತ್ತೈದು ಪಟ್ಟು ವ್ಯತ್ಯಾಸವಿದೆ. ಪ್ರತಿ ಕಡಲಿನ ಮೀನಿನಲ್ಲಿಯೂ ಇದೇ ಅಂಕಿ ಬರುವುದಿಲ್ಲವಾದರೂ, ಸಣ್ಣ ಮೀನಿನಲ್ಲಿ ಕಡಿಮೆ, ಬೇಟೆಯಾಡುವ ದೊಡ್ಡ ಮೀನಿನಲ್ಲಿ ಹೆಚ್ಚು ಎಂಬ ನಿಯಮ ಎಲ್ಲೆಡೆಯೂ ಒಂದೇ. ಮೀನನ್ನು ಬಿಡುವ ಬದಲು ಮೀನನ್ನು ಆರಿಸಿಕೊಳ್ಳುವುದೇ ಜಾಣತನ ಎಂಬುದು ಇದರಿಂದ ಸ್ಪಷ್ಟ. ಮೀನಿನಲ್ಲಿರುವ ಒಮೇಗಾ-3 ಕೊಬ್ಬಿನಾಮ್ಲಗಳು ಶಿಶುವಿನ ಮೆದುಳಿನ ಬೆಳವಣಿಗೆಗೆ ಬೇಕೇ ಬೇಕಾದವು. ಬಡ ಬಸುರಿಯ ತಟ್ಟೆಯಿಂದ ಬೂತಾಯಿಯನ್ನು ಕಿತ್ತರೆ ಉಪಕಾರಕ್ಕಿಂತ ಅಪಕಾರವೇ ಹೆಚ್ಚು.

ಅಡುಗೆಯಿಂದ ಪಾದರಸ ಹೋಗುವುದೇ?

ಹೋಗುವುದಿಲ್ಲ. ಪಾದರಸ ಮಾಂಸದ ಸಸಾರಜನಕಕ್ಕೆ ಬಿಗಿಯಾಗಿ ಅಂಟಿರುತ್ತದೆ. ತೊಳೆಯುವುದು, ಹುಣಸೆ ಹುಳಿಯಲ್ಲಿ ನೆನೆಸುವುದು, ಉಪ್ಪು ಹಚ್ಚುವುದು, ಬೇಯಿಸುವುದು, ಹುರಿಯುವುದು ಇವಾವುದರಿಂದಲೂ ಪ್ರಯೋಜನವಿಲ್ಲ. ಡಿ.ಡಿ.ಟಿ.ಯಂತಹ ಕೀಟನಾಶಕಗಳು ಕೊಬ್ಬಿನಲ್ಲಿ ಸೇರುವುದರಿಂದ ಚರ್ಮ ಮತ್ತು ಕೊಬ್ಬನ್ನು ತೆಗೆದರೆ ಅವು ಸ್ವಲ್ಪ ಕಡಿಮೆಯಾಗುತ್ತವೆ. ಪಾದರಸಕ್ಕೆ ಆ ಉಪಾಯವೂ ನಡೆಯದು. ಮೀನನ್ನು ಒಣಗಿಸಿದಾಗ ನೀರು ಹೋಗಿ ತೂಕ ಇಳಿಯುವುದರಿಂದ, ತೂಕಕ್ಕೆ ತೂಕ ಹೋಲಿಸಿದರೆ ಒಣಮೀನಿನಲ್ಲಿ ಪಾದರಸ ಹೆಚ್ಚಾಗಿ ಕಾಣುತ್ತದೆ. ಸಣ್ಣ ಜಾತಿಯ ಒಣಮೀನಿನಿಂದ ಚಿಂತೆಯಿಲ್ಲ, ಒಣ ಶಾರ್ಕಿನ ವಿಷಯದಲ್ಲಿ ಹಿತಮಿತ ಅಗತ್ಯ.

ಭಾರತದಲ್ಲಿ ಪಾದರಸದ ಬೀಜೋಪಚಾರ

ಹಿಂದೆ ಭಾರತದಲ್ಲಿಯೂ ಬೀಜದಿಂದ ಹರಡುವ ರೋಗಗಳನ್ನು ತಡೆಯಲು ಅಗ್ರೋಸಾನ್, ಸೆರೆಸಾನ್ ಮೊದಲಾದ ಸಾವಯವ ಪಾದರಸದ ಪುಡಿಗಳನ್ನು ಬೀಜಕ್ಕೆ ಬೆರೆಸುತ್ತಿದ್ದರು. 1968ರ ಬೀಜ ನಿಯಮಗಳಲ್ಲಿ, ಪಾದರಸದಿಂದ ಉಪಚರಿಸಿದ ಬೀಜದ ಚೀಟಿಯ ಮೇಲೆ 'ವಿಷ' ಎಂಬ ಪದವನ್ನು ಕೆಂಪಕ್ಷರದಲ್ಲಿ ಎದ್ದು ಕಾಣುವಂತೆ ಅಚ್ಚುಮಾಡಬೇಕೆಂದು ವಿಧಿಸಲಾಗಿತ್ತು. ಕಾಲಕ್ರಮದಲ್ಲಿ ಫಿನೈಲ್ ಮತ್ತು ಈಥೈಲ್ ಪಾದರಸದ ಔಷಧಿಗಳು ನಿಷೇಧಗೊಂಡವು. ಆಲೂಗೆಡ್ಡೆ ಮತ್ತು ಕಬ್ಬಿನ ಬಿತ್ತನೆಗೆ ಮಾತ್ರ ಉಳಿದಿದ್ದ ಮಿಥಾಕ್ಸಿ ಈಥೈಲ್ ಪಾದರಸ ಕ್ಲೋರೈಡ್ ಸಹ 2018ರಲ್ಲಿ ನಿಷೇಧಕ್ಕೆ ಒಳಗಾಯಿತು. ಮಿನಮಾಟದ ಹೆಸರಿನಲ್ಲೇ 2013ರಲ್ಲಿ ಅಂಗೀಕಾರವಾದ ಅಂತರರಾಷ್ಟ್ರೀಯ ಪಾದರಸ ಒಪ್ಪಂದವನ್ನು ಭಾರತ 2018ರಲ್ಲಿ ಸ್ಥಿರೀಕರಿಸಿದೆ.

ಪಾದರಸ ಹೋಯಿತೆಂದು ಬೀಜೋಪಚಾರದ ಎಚ್ಚರಿಕೆ ಹೋಗಬಾರದು. ಇಂದು ಬಳಕೆಯಲ್ಲಿರುವ ಥೈರಾಮ್, ಕ್ಯಾಪ್ಟಾನ್, ಇಮಿಡಾಕ್ಲೋಪ್ರಿಡ್ ಮೊದಲಾದವೂ ಹೊಟ್ಟೆಗೆ ಹೋಗತಕ್ಕ ವಸ್ತುಗಳಲ್ಲ.

ರೈತರು ಪಾಲಿಸಬೇಕಾದ ಕ್ರಮಗಳು

1. ಬಣ್ಣ ಹಾಕಿದ ಬಿತ್ತನೆ ಬೀಜ ಮಿಕ್ಕಿದರೆ ತೊಳೆದು ತಿನ್ನಬಾರದು, ಹಿಟ್ಟು ಬೀಸಬಾರದು, ದನಕರು ಕೋಳಿಗಳಿಗೆ ಹಾಕಬಾರದು, ಸಂತೆಯಲ್ಲಿ ಮಾರಬಾರದು. ಮುಂದಿನ ಹಂಗಾಮಿಗೆ ಬಾರದಿದ್ದರೆ ಕೃಷಿ ಅಧಿಕಾರಿಗಳ ಸಲಹೆಯಂತೆ ವಿಲೇವಾರಿ ಮಾಡಬೇಕು.

2. ಅಟ್ಟದ ಮೇಲೆ, ಕಣಜದ ಮೂಲೆಯಲ್ಲಿ ಹಳೆಯ ಪಾದರಸದ ಬೀಜೋಪಚಾರ ಪುಡಿಯ ಡಬ್ಬಿಗಳು ಉಳಿದಿದ್ದರೆ ತೆರೆಯಬಾರದು, ಸುಡಬಾರದು, ಕೆರೆ ಬಾವಿಗೆ ಎಸೆಯಬಾರದು. ಮಕ್ಕಳ ಕೈಗೆ ಸಿಗದಂತೆ ಇಟ್ಟು ರೈತ ಸಂಪರ್ಕ ಕೇಂದ್ರಕ್ಕೆ ತಿಳಿಸಬೇಕು.

3. ಕಾಳು ಹುಳು ಹಿಡಿಯದಿರಲೆಂದು ಪಾದರಸದ ಗುಳಿಗೆಗಳನ್ನು ಡಬ್ಬಿಯಲ್ಲಿ ಇಡುವ ರೂಢಿ ಕೆಲವೆಡೆ ಉಂಟು. ಇದನ್ನು ಬಿಡಬೇಕು. ಕಾಳನ್ನು ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ ಗಾಳಿಯಾಡದ ಡಬ್ಬಿಯಲ್ಲಿ ತುಂಬುವುದು ಮೇಲು.

4. ಥರ್ಮಾಮೀಟರ್ ಒಡೆದರೆ ಮಕ್ಕಳನ್ನು ಹೊರಗೆ ಕಳುಹಿಸಿ ಕಿಟಕಿ ಬಾಗಿಲು ತೆರೆಯಬೇಕು. ಕೈಯ ಚಿನ್ನದ ಒಡವೆಗಳನ್ನು ತೆಗೆದಿಟ್ಟು, ಹನಿಗಳನ್ನು ಗಟ್ಟಿ ಕಾಗದದಿಂದ ಒಟ್ಟುಗೂಡಿಸಿ ಮುಚ್ಚಳವಿರುವ ಸೀಸೆಗೆ ಹಾಕಬೇಕು. ಪೊರಕೆಯಿಂದ ಗುಡಿಸಬಾರದು. ಕೆಟ್ಟ ಟ್ಯೂಬ್‌ಲೈಟುಗಳನ್ನು ಕೆರೆ ಕಟ್ಟೆಯ ಬಳಿ ಒಡೆಯಬಾರದು.

5. ಮೀನು ಸಾಕುವ ಹೊಂಡಕ್ಕೆ ಕಾರ್ಖಾನೆಯ ಅಥವಾ ಪಟ್ಟಣದ ಕೊಳಚೆ ನೀರನ್ನು ಬಿಡಬಾರದು. ಕಟ್ಲಾ, ರೋಹು ಮೊದಲಾದ ಗೆಂಡೆಮೀನುಗಳು ಸಸ್ಯ ಹಾಗೂ ಸೂಕ್ಷ್ಮ ಜೀವಿಗಳನ್ನು ತಿಂದು ಬೆಳೆಯುತ್ತವೆ, ವರ್ಷದೊಳಗೆ ಹಿಡಿಯಲು ಬರುತ್ತವೆ. ಶುದ್ಧ ನೀರಿನಲ್ಲಿ ಬೆಳೆದ ಇವುಗಳಲ್ಲಿ ಪಾದರಸ ಶೇಖರವಾಗಲು ಅವಕಾಶ ಕಡಿಮೆ.

6. ಬಸುರಿಯರು, ಬಾಣಂತಿಯರು, ಮಗು ಬಯಸುವ ಹೆಂಗಸರು ಮತ್ತು ಚಿಕ್ಕಮಕ್ಕಳು ಶಾರ್ಕ್, ಕತ್ತಿಮೀನು, ದೊಡ್ಡ ಟ್ಯೂನಾಗಳನ್ನು ದೂರವಿಡಬೇಕು. ಬೂತಾಯಿ, ಸಿಗಡಿ, ಸಾಕಿದ ಗೆಂಡೆಮೀನುಗಳನ್ನು ವಾರಕ್ಕೆ ಎರಡು ಮೂರು ಬಾರಿ ಧಾರಾಳವಾಗಿ ತಿನ್ನಬಹುದು.

ವಿಸ್ತರಣಾ ಕಾರ್ಯಕರ್ತರಿಗೆ

ಇರಾಕಿನಲ್ಲಿ ರೈತರು ಅಜಾಗರೂಕರಾಗಿರಲಿಲ್ಲ. ತೊಳೆದು ನೋಡಿದರು, ಕೋಳಿಗೆ ಹಾಕಿ ಪರೀಕ್ಷಿಸಿದರು. ತಮಗೆ ತಿಳಿದ ಎಚ್ಚರಿಕೆಗಳನ್ನೆಲ್ಲ ವಹಿಸಿದರು. ತಪ್ಪಿದ್ದು ಅವರಿಗೆ ತಿಳಿಯುವ ಭಾಷೆಯಲ್ಲಿ, ತಕ್ಕ ಹೊತ್ತಿನಲ್ಲಿ ಹೇಳಬೇಕಾದವರು. ಚೀಟಿ ಅಂಟಿಸಿದ ಮಾತ್ರಕ್ಕೆ ಹೊಣೆ ಮುಗಿಯುವುದಿಲ್ಲ. ಬೀಜ ವಿತರಿಸುವಾಗ ಚೀಟಿಯಲ್ಲಿರುವುದನ್ನು ಬಾಯಿಬಿಟ್ಟು ಓದಿ ಹೇಳಬೇಕು. ಬಣ್ಣ ಹೋದರೂ ವಿಷ ಹೋಗದು, ಇಂದು ಏನೂ ಆಗದಿದ್ದರೂ ನಾಳೆ ಆಗಬಹುದು ಎಂಬ ಎರಡು ಮಾತುಗಳನ್ನು ಮನೆಯ ಹೆಂಗಸರಿಗೂ ಮುಟ್ಟಿಸಬೇಕು. ಕಾಳನ್ನು ಕೇರಿ, ಬೀಸಿ, ಬೇಯಿಸುವವರು ಅವರೇ. ಎಲ್ಲಕ್ಕಿಂತ ಮುಖ್ಯವಾಗಿ, ಬೀಜ ಹದ ತಪ್ಪಿ ಬಂದರೆ ಅದು ಅಡುಗೆಮನೆಯ ದಾರಿ ಹಿಡಿಯುವ ಸಂಭವವಿದೆಯೆಂದು ನೆನಪಿಟ್ಟು ಸಕಾಲದಲ್ಲಿ ಒದಗಿಸಬೇಕು.

ಬೆಕ್ಕು ತೂರಾಡಿದಾಗ, ಹೊಳೆಯ ಮೀನು ತೇಲಿದಾಗ, ಕಾಗೆಗಳು ಸತ್ತು ಬಿದ್ದಾಗ ಹಳ್ಳಿಯವರು ಅದನ್ನು ಮೊದಲು ಕಾಣುತ್ತಾರೆ. ಅಂತಹ ಸುದ್ದಿಯನ್ನು ಕಡೆಗಣಿಸದೆ ಕೂಡಲೇ ಪಶುವೈದ್ಯರಿಗೆ, ಮೀನುಗಾರಿಕೆ ಇಲಾಖೆಗೆ ಮತ್ತು ಆರೋಗ್ಯ ಕೇಂದ್ರಕ್ಕೆ ಮುಟ್ಟಿಸುವುದು ಅಗತ್ಯ. ಮಿನಮಾಟದಲ್ಲಿ ರೋಗದ ವರದಿ ಬಂದ ದಿನಕ್ಕೂ ಕೊಳಚೆ ನಿಂತ ದಿನಕ್ಕೂ ನಡುವೆ ಹನ್ನೆರಡು ವರ್ಷಗಳು ಕಳೆದವು. ಆ ಹನ್ನೆರಡು ವರ್ಷಗಳಲ್ಲಿ ಹುಟ್ಟಿದ ಎಷ್ಟೋ ಮಕ್ಕಳು ಜೀವಮಾನವಿಡೀ ಅದರ ಬೆಲೆ ತೆತ್ತರು.